ತಾತ, ಅಪ್ಪ, ಮಗ

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. "ತಾತ, ನಮ್ಮ ಹಳೇ ಕಂಪ್ಯೂಟರಿಗೆ ಅಣ್ಣ ಲಿನಕ್ಸ್ ಮಿಂಟ್ ಹಾಕಿಕೊಟ್ಟಿದ್ದಾನೆ. ಬ್ಯಾಕಪ್ ಇಟ್ಕೋ ಅಂತ ದಿನಾ ಹೇಳ್ತಾನೆ. ಟೈಮ್‌ಶಿಫ್ಟ್ ಅಂತ ಒಂದಿದೆ, ಡೇಜಾ ಡೂಪ್ ಅಂತ ಒಂದಿದೆ, ಆರ್‌ಸಿಂಕ್ ಅಂತ ಇನ್ನೊಂದಿದೆ. ಯಾವುದು ಒಳ್ಳೇದು?"

ಮಗೂ, ಈ ಪ್ರಶ್ನೆಗೆ ಉತ್ತರ ಹೇಳುವ ಅರ್ಹತೆ ನನಗೆ ಬಂದದ್ದು ಪುಸ್ತಕ ಓದಿ ಅಲ್ಲ, ಒಂದು ತಪ್ಪು ಮಾಡಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಮ್ಮ ಮನೆಯಾಕೆಗೆ ಸಂಪ್ರದಾಯದ ಹಾಡುಗಳು ಬಹಳ ಬರುತ್ತಿದ್ದವು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು. ಕೊನೆಯ ಎರಡು ವರ್ಷ ಅವಳಿಗೆ ಮೈಯಲ್ಲಿ ಸ್ವಸ್ಥವಿರಲಿಲ್ಲ. ಆಗ ಮಧ್ಯಾಹ್ನದ ಹೊತ್ತು ಫೋನ್ ಮುಂದಿಟ್ಟು ಒಂದೊಂದಾಗಿ ಹಾಡಿಸಿ ರೆಕಾರ್ಡ್ ಮಾಡಿಕೊಂಡೆ. ಒಟ್ಟು 41 ಹಾಡು. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆ. ಇಳಿಸಿದವನು ಫೋಲ್ಡರಿಗೊಂದು ಹೆಸರು ಇಡಲಿಲ್ಲ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಪ್ರತಿ ಕಡತಕ್ಕೂ ಚೀಟಿ ಅಂಟಿಸಿದ ಗುಮಾಸ್ತ, ಮನೆಯಲ್ಲಿ ಮಾತ್ರ 'ಹೆಸರಿಲ್ಲದ ಫೋಲ್ಡರ್ 2' ಎಂದೇ ಬಿಟ್ಟಿದ್ದೆ. ಒಳಗಿನ ಫೈಲುಗಳಿಗೂ ಫೋನ್ ತಾನೇ ಕೊಟ್ಟ ತಾರೀಕಿನ ಅಂಕಿಗಳು ಬಿಟ್ಟರೆ ಬೇರೆ ಗುರುತಿರಲಿಲ್ಲ.

ಬ್ಯಾಕಪ್ ಇತ್ತು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಕಂಪ್ಯೂಟರಿನ ಹಿಂದೆ ಒಂದು ಹೊರಗಿನ ಹಾರ್ಡ್ ಡಿಸ್ಕ್ ಸದಾ ಸಿಕ್ಕಿಸಿಟ್ಟು, ಪ್ರತಿದಿನ ರಾತ್ರಿ ಒಂಬತ್ತು ಗಂಟೆಗೆ ಆರ್‌ಸಿಂಕ್ ಓಡುವಂತೆ ಮಾಡಿದ್ದೆ. ಆರ್‌ಸಿಂಕ್ 1996ರಿಂದ ಇರುವ ತಂತ್ರಾಂಶ, ಬಹಳ ಗಟ್ಟಿ. ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆಯೋ ಅಷ್ಟನ್ನು ಮಾತ್ರ ನಕಲು ಮಾಡುವುದರಿಂದ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಅದರ ಜೊತೆಗೆ 'ಡಿಲೀಟ್' ಎಂಬ ಒಂದು ಸೂಚನೆಯನ್ನೂ ಸೇರಿಸಿದ್ದೆ. ಮೂಲದಲ್ಲಿ ಏನಾದರೂ ಅಳಿಸಿದ್ದರೆ ನಕಲಿನಲ್ಲೂ ಅಳಿಸು ಎಂದು ಅದರ ಅರ್ಥ. ಎರಡೂ ಕಡೆ ಲೆಕ್ಕ ತಾಳೆಯಾಗಬೇಕಲ್ಲ! ತಾಳೆಯಾಗದಿದ್ದರೆ ನನ್ನಂಥವರಿಗೆ ನಿದ್ದೆ ಬರುವುದಿಲ್ಲ.

ಅವಳು ಹೋದ ಮೇಲಿನ ಮೊದಲ ದಸರಾ. ಆಯುಧಪೂಜೆಯ ಹಿಂದಿನ ದಿನ ಏಳನೇ ತರಗತಿಯ ಮೊಮ್ಮಗ ಕಂಪ್ಯೂಟರನ್ನು ಒರೆಸಿ ಚೊಕ್ಕ ಮಾಡುತ್ತೇನೆಂದು ಕೂತ. ಹೊರಗೆ ಧೂಳು ಒರೆಸಿದ ಮೇಲೆ ಒಳಗಿನ ಕಸವನ್ನೂ ಗುಡಿಸೋಣ ಅನ್ನಿಸಿತಂತೆ. ಹೆಸರಿಲ್ಲದ ಫೋಲ್ಡರುಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಖಾಲಿ ಮಾಡಿದ. ಕೀಬೋರ್ಡಿಗೆ ಅರಿಶಿನ ಕುಂಕುಮ ಇಟ್ಟು ನಮಸ್ಕಾರ ಮಾಡಿದೆವು. ಅದೇ ರಾತ್ರಿ ಒಂಬತ್ತಕ್ಕೆ ನನ್ನ ಆರ್‌ಸಿಂಕ್ ಎದ್ದು, ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿ ಮಲಗಿತು.

ನನಗೆ ಗೊತ್ತಾದದ್ದು ಸುಮಾರು ನಲವತ್ತು ದಿನದ ಮೇಲೆ, ಕಾರ್ತಿಕ ಬಹುಳದಲ್ಲಿ ಅವಳ ತಿಥಿಯ ದಿನ. ಸಂಜೆ ಎಲ್ಲರಿಗೂ ಒಂದು ಹಾಡು ಕೇಳಿಸೋಣವೆಂದು ಕೂತರೆ ಕಂಪ್ಯೂಟರಿನಲ್ಲಿ ಇಲ್ಲ, ಹಾರ್ಡ್ ಡಿಸ್ಕಿನಲ್ಲೂ ಇಲ್ಲ. ಹುಡುಗ ಬಾಗಿಲ ಹತ್ತಿರ ನಿಂತು, "ತಾತ, ನಾನೇ ಅಳಿಸಿದ್ದು" ಎಂದ. ಅವತ್ತು ರಾತ್ರಿ ಅವನು ಊಟಕ್ಕೆ ಬರಲಿಲ್ಲ. ಮಾರನೆಯ ದಿನ ಕಂಪ್ಯೂಟರ್ ರಿಪೇರಿಯವರ ಹತ್ತಿರ ಒಯ್ದು ತೋರಿಸಿದೆವು. ಅಳಿಸಿದ ಫೈಲನ್ನು ಕೆಲವೊಮ್ಮೆ ಕೆದಕಿ ತೆಗೆಯಬಹುದು. ಆದರೆ ನಮ್ಮದು ಎಸ್‌ಎಸ್‌ಡಿ. ಅದರಲ್ಲಿ ಖಾಲಿಯಾದ ಜಾಗವನ್ನು ಲಿನಕ್ಸ್ ತಾನೇ ವಾರಕ್ಕೊಮ್ಮೆ ಗುಡಿಸಿಬಿಡುತ್ತದೆ. ನಲವತ್ತು ದಿನದಲ್ಲಿ ಏನು ಉಳಿದೀತು?

ಹುಡುಗನದು ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಹೆಸರಿಡದ ತಪ್ಪು ನನ್ನದು. ಅದಕ್ಕಿಂತ ದೊಡ್ಡ ತಪ್ಪು, ನಾನು ಬ್ಯಾಕಪ್ ಅಂದುಕೊಂಡದ್ದು ಬ್ಯಾಕಪ್ಪೇ ಆಗಿರಲಿಲ್ಲ. ಅದು ಕನ್ನಡಿ. ಮುಂದಿದ್ದವರು ಎದ್ದು ಹೋದರೆ ಕನ್ನಡಿಯೂ ಖಾಲಿ.

ಇದು ನನಗೆ ಹೊಳೆಯದೆ ಹೋದದ್ದು ನಾಚಿಕೆಯ ವಿಷಯ, ಏಕೆಂದರೆ ಬ್ಯಾಂಕಿನಲ್ಲಿ ನಾವು ಹೀಗೆ ಮಾಡುತ್ತಿರಲಿಲ್ಲ. 1984ರ ರಂಗರಾಜನ್ ಸಮಿತಿಯ ವರದಿಯ ಮೇಲೆ ಬ್ಯಾಂಕುಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಅಲ್ಲಿಯವರೆಗೆ ಕೈಯಲ್ಲಿ ಬರೆಯುತ್ತಿದ್ದ ಲೆಡ್ಜರ್ ಕಂಪ್ಯೂಟರಿಗೆ ಹೋಯಿತು. ದಿನದ ಕೆಲಸ ಮುಗಿದ ಮೇಲೆ ಲೆಕ್ಕವನ್ನು ಫ್ಲಾಪಿಗೆ ಇಳಿಸಿಡುವುದು ನನ್ನ ಪಾಲಿಗೆ ಬಂತು. ಸೋಮವಾರಕ್ಕೊಂದು, ಮಂಗಳವಾರಕ್ಕೊಂದು, ಹೀಗೆ ದಿನಕ್ಕೊಂದು ಫ್ಲಾಪಿ. ಮುಂದಿನ ಸೋಮವಾರ ಬಂದಾಗ ಹಳೆಯ ಸೋಮವಾರದ ಮೇಲೆ ಬರೆಯಬಹುದು. ಆದರೆ ವಾರದ ಕೊನೆಯದನ್ನು ತಿಂಗಳು ಪೂರ್ತಿ ಮುಟ್ಟುವಂತಿಲ್ಲ. ತಿಂಗಳ ಕೊನೆಯದನ್ನು ಅದಕ್ಕಿಂತಲೂ ಹೆಚ್ಚು ಕಾಲ ಜೋಪಾನ ಮಾಡಬೇಕು. ಈ ಪದ್ಧತಿಗೆ ಕಂಪ್ಯೂಟರ್ ಜನ ಇಟ್ಟಿರುವ ಹೆಸರೇ 'ತಾತ-ಅಪ್ಪ-ಮಗ'. ದಿನದ ನಕಲು ಮಗ, ವಾರದ್ದು ಅಪ್ಪ, ತಿಂಗಳದ್ದು ತಾತ. ಮಗನಿಗೆ ನಿನ್ನೆಯದು ಮಾತ್ರ ಗೊತ್ತು. ಹಳೆಯ ಸಂಗತಿ ಬೇಕಾದರೆ ತಾತನನ್ನು ಕೇಳಬೇಕು. ಮನೆಯಲ್ಲೂ ಹಾಗೇ ತಾನೆ?

ನಮ್ಮ ಮನೆಯಲ್ಲಿ ನಿನ್ನೆಯ ನಕಲು ಇತ್ತು, ಆಯುಧಪೂಜೆಗಿಂತ ಹಿಂದಿನದು ಇರಲಿಲ್ಲ. ಆದ್ದರಿಂದ ಮಗೂ, ಯಾವ ತಂತ್ರಾಂಶ ಒಳ್ಳೆಯದೆಂದು ಕೇಳುವ ಮೊದಲು ಈ ಪ್ರಶ್ನೆ ಕೇಳಿಕೋ: ನನ್ನ ಫೈಲೊಂದು ಕಾಣೆಯಾದರೆ ನನಗೆ ಎಷ್ಟು ದಿನಕ್ಕೆ ಗೊತ್ತಾಗುತ್ತದೆ? ನಾಳೆ ಸ್ಕೂಲಿಗೆ ಕೊಡಬೇಕಾದ ಪ್ರಾಜೆಕ್ಟ್ ಕಾಣೆಯಾದರೆ ಇವತ್ತೇ ಗೊತ್ತಾಗುತ್ತದೆ. ಅಜ್ಜಿಯ ಹಾಡು, ತಾತನ ಪಿಂಚಣಿ ಕಾಗದ, ನಿನ್ನ ಮೂರನೇ ವರ್ಷದ ಹುಟ್ಟುಹಬ್ಬದ ಫೋಟೋ ಕಾಣೆಯಾದರೆ? ಅವನ್ನು ವರ್ಷಕ್ಕೊಮ್ಮೆ ತೆರೆದರೆ ಹೆಚ್ಚು. ಹಾಗಾದರೆ ವರ್ಷದಷ್ಟು ಹಳೆಯ ತಾತ ನಿನ್ನ ಬ್ಯಾಕಪ್ಪಿನಲ್ಲಿ ಇರಲೇಬೇಕು.

ಈಗ ನಿನ್ನ ಪಟ್ಟಿಗೆ ಬರೋಣ.

ಟೈಮ್‌ಶಿಫ್ಟ್ ಮಿಂಟ್ ಜೊತೆಯಲ್ಲೇ ಬರುತ್ತದೆ. ಬಹಳ ಜನ ಅದನ್ನು ಶುರು ಮಾಡಿ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಅದು ಕಾಯುವುದು ಮನೆಯ ಗೋಡೆ, ಮಾಡು, ಬಾಗಿಲನ್ನು. ಅಂದರೆ ಲಿನಕ್ಸ್ ವ್ಯವಸ್ಥೆಯನ್ನು. ಅಪ್‌ಡೇಟ್ ಮಾಡಿದ ಮೇಲೆ ಕಂಪ್ಯೂಟರ್ ಏಳದೆ ಕೂತರೆ ನಿನ್ನೆಯ ಸ್ಥಿತಿಗೆ ಒಯ್ದು ಬಿಡುತ್ತದೆ. ಮನೆಯೊಳಗಿನ ಪೆಟ್ಟಿಗೆಯನ್ನು, ಅಂದರೆ ನಿನ್ನ ಫೋಟೋ, ಹಾಡು, ಪಾಠಗಳಿರುವ 'ಹೋಮ್' ಫೋಲ್ಡರನ್ನು, ನಾವಾಗಿ ಹೇಳದ ಹೊರತು ಅದು ಮುಟ್ಟುವುದೇ ಇಲ್ಲ. ಇದು ಅದರ ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ. ವ್ಯವಸ್ಥೆಯನ್ನು ಹಿಂದಕ್ಕೆ ಒಯ್ಯುವಾಗ ನೀನು ನಿನ್ನೆ ಬರೆದ ಪ್ರಬಂಧವೂ ಹಿಂದಕ್ಕೆ ಹೋಗಬಾರದಲ್ಲ! ಟೈಮ್‌ಶಿಫ್ಟ್ ಇರಲಿ, ತೆಗೆಯಬೇಡ. ಆದರೆ ಅದೊಂದೇ ಸಾಲದು. ನಿಜ ಹೇಳಬೇಕೆಂದರೆ, ವ್ಯವಸ್ಥೆ ಹಾಳಾದರೆ ನಿನ್ನ ಅಣ್ಣ ಒಂದು ಮಧ್ಯಾಹ್ನದಲ್ಲಿ ಮತ್ತೆ ಹಾಕಿಕೊಡುತ್ತಾನೆ. ಲಿನಕ್ಸ್ ಪುಕ್ಕಟೆ ಸಿಗುತ್ತದೆ. ಅಜ್ಜಿಯ ದನಿ ಸಿಗುವುದಿಲ್ಲ.

ಡೇಜಾ ಡೂಪ್ ಹೋಮ್ ಫೋಲ್ಡರನ್ನು ಕಾಯುವಂಥದ್ದು. ಉಬುಂಟುವಿನಲ್ಲಿ 'ಬ್ಯಾಕಪ್ಸ್' ಎಂಬ ಹೆಸರಿನಲ್ಲಿ ಸಿಗುತ್ತದೆ, ಮಿಂಟ್‌ನವರು ಸಾಫ್ಟ್‌ವೇರ್ ಮ್ಯಾನೇಜರಿನಿಂದ ಹಾಕಿಕೊಳ್ಳಬಹುದು. ಯಾವ ಫೋಲ್ಡರ್ ಉಳಿಸಬೇಕು, ಯಾವುದು ಬೇಡ, ಎಲ್ಲಿ ಇಡಬೇಕು, ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ, ಹಳೆಯದನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು, ಇಷ್ಟೇ ಕೇಳುತ್ತದೆ. ಕೊನೆಯ ಪ್ರಶ್ನೆಗೆ ಒಂದು ವರ್ಷಕ್ಕಿಂತ ಕಡಿಮೆ ಹೇಳಬೇಡ. ಜಾಗವಿದ್ದರೆ 'ಶಾಶ್ವತ' ಎಂಬುದನ್ನೇ ಆರಿಸು. ಬೇಕಾದರೆ ಪಾಸ್‌ವರ್ಡ್ ಹಾಕಿ ಬೀಗ ಜಡಿಯುತ್ತದೆ. ಇಲ್ಲೊಂದು ಮಾತು ಹಿರಿಯರಿಗೆ. ಬ್ಯಾಂಕ್ ಲಾಕರಿನ ಕೀಲಿಕೈ ಕಳೆದರೆ ಖರ್ಚು ನಿಮ್ಮದಾದರೂ ಬಾಗಿಲು ಒಡೆಸಿ ತೆಗೆಸಬಹುದು. ಈ ಬೀಗಕ್ಕೆ ಒಡೆಯುವ ದಾರಿಯಿಲ್ಲ. ಪಾಸ್‌ವರ್ಡ್ ಮರೆತರೆ ಒಳಗಿರುವುದು ಹೋದಂತೆಯೇ. ಬರೆದಿಡಿ, ಬರೆದ ಚೀಟಿಯನ್ನು ಕಂಪ್ಯೂಟರಿನ ಪಕ್ಕದಲ್ಲಿ ಬೇಡ, ಬೀರುವಿನಲ್ಲಿ ಮನೆಪತ್ರಗಳ ಜೊತೆಯಲ್ಲಿಡಿ. ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ.

ನಾನು ಈಗ ಇಟ್ಟುಕೊಂಡಿರುವುದು ನಿನ್ನ ಪಟ್ಟಿಯಲ್ಲಿ ಇಲ್ಲದ್ದು. 'ಬ್ಯಾಕ್ ಇನ್ ಟೈಮ್' ಎಂದು ಅದರ ಹೆಸರು. ಒಳಗೆ ಓಡುವುದು ಅದೇ ಆರ್‌ಸಿಂಕ್, ಆದರೆ ಬುದ್ಧಿ ಬೇರೆ. ಪ್ರತಿ ಸಲವೂ ತಾರೀಕು ಹಾಕಿದ ಹೊಸ ಫೋಲ್ಡರ್ ಮಾಡುತ್ತದೆ. ಬದಲಾಗದ ಫೈಲುಗಳನ್ನು ಮತ್ತೆ ನಕಲು ಮಾಡದೆ ಹಳೆಯದಕ್ಕೇ ಬೊಟ್ಟು ಮಾಡಿ ತೋರಿಸುವುದರಿಂದ ಜಾಗ ಹೆಚ್ಚು ತಿನ್ನುವುದಿಲ್ಲ. ಹೋದ ಕೆಲವು ದಿನಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದೆ ವಾರಕ್ಕೊಂದು, ಇನ್ನೂ ಹಿಂದೆ ತಿಂಗಳಿಗೊಂದು, ಆಮೇಲೆ ವರ್ಷಕ್ಕೊಂದು ಎಂದು ಉಳಿಸಿಕೊಳ್ಳುವಂತೆ ಹೇಳಬಹುದು. ನಮ್ಮ ತಾತ-ಅಪ್ಪ-ಮಗನೇ, ಮುತ್ತಾತನ ಸಮೇತ! ನನಗೆ ಇದು ಹಿಡಿಸಿದ ಕಾರಣ ಇನ್ನೊಂದಿದೆ. ಪಾಸ್‌ವರ್ಡಿನ ಬೀಗ ಹಾಕದೆ ಇಟ್ಟರೆ ಆ ನಕಲುಗಳು ಸಾಮಾನ್ಯ ಫೋಲ್ಡರುಗಳಂತೆಯೇ ಇರುತ್ತವೆ. ನಾಳೆ ನಾನಿಲ್ಲದಿದ್ದರೂ ಮೊಮ್ಮಗ ಯಾವ ತಂತ್ರಾಂಶವೂ ಇಲ್ಲದೆ ಆ ಡಿಸ್ಕನ್ನು ಇನ್ನೊಂದು ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸಿ ಹಾಡು ಕೇಳಬಹುದು. ಕಳ್ಳನ ಕೈಗೆ ಸಿಕ್ಕರೆ ಅವನೂ ಕೇಳಬಹುದು, ಕೇಳಲಿ ಬಿಡಿ. ಪಿಂಚಣಿ ಮತ್ತು ಬ್ಯಾಂಕ್ ಕಾಗದಗಳನ್ನು ಮಾತ್ರ ಬೀಗದೊಳಗೆ ಬೇರೆ ಇಟ್ಟಿದ್ದೇನೆ.

ಒಂದು ಎಚ್ಚರಿಕೆ. ಈ ಲೆಕ್ಕಾಚಾರ ನಡೆಯಬೇಕಾದರೆ ಡಿಸ್ಕನ್ನು ಲಿನಕ್ಸಿನ 'ಇಎಕ್ಸ್‌ಟಿ4' ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿರಬೇಕು. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಖಾಲಿ ಡಿಸ್ಕನ್ನೇ ತೆಗೆದುಕೋ. ಇನ್ನೊಂದು: ಹೆಸರಿನ ಮೊದಲು ಚುಕ್ಕಿ ಇರುವ ಫೋಲ್ಡರುಗಳನ್ನು ಲಿನಕ್ಸ್ ಮರೆಮಾಡಿ ಇಟ್ಟಿರುತ್ತದೆ. ನಿನ್ನ ಬ್ರೌಸರಿನ ಬುಕ್‌ಮಾರ್ಕುಗಳು, ಥಂಡರ್‌ಬರ್ಡಿನ ಅಂಚೆ ಎಲ್ಲ ಅಂಥ ಕಡೆಯೇ ಇರುವುದು. ಕಣ್ಣಿಗೆ ಕಂಡದ್ದನ್ನಷ್ಟೇ ಕೈಯಿಂದ ಪೆನ್ ಡ್ರೈವಿಗೆ ಎಳೆದು ಹಾಕುವವರು ಇವನ್ನು ಬಿಟ್ಟುಬಿಡುತ್ತಾರೆ. ಕಂಟ್ರೋಲ್ ಕೀಲಿಯ ಜೊತೆ 'ಎಚ್' ಒತ್ತಿ ನೋಡು, ಎಲ್ಲ ಕಾಣಿಸುತ್ತವೆ.

ಎಲ್ಲಿ ಇಡಬೇಕೆಂಬುದು ತಂತ್ರಾಂಶಕ್ಕಿಂತ ಮುಖ್ಯ. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡನೆಯ ಜೊತೆ ಕೀಲಿಕೈ ಇರುತ್ತದೆ. ಅದನ್ನು ಅದೇ ಕಟ್ಟಡದಲ್ಲಿ ಇಡುವುದಿಲ್ಲ. ಮೊಹರು ಮಾಡಿದ ಲಕೋಟೆಯಲ್ಲಿ ಬೇರೆ ಶಾಖೆಯಲ್ಲಿ ಇರಿಸುತ್ತಾರೆ. ಕಂಪ್ಯೂಟರಿಗೆ ಸದಾ ಸಿಕ್ಕಿಸಿದ ಡಿಸ್ಕ್ ಒಂದೇ ಕಟ್ಟಡದ ಎರಡು ಕೀಲಿಕೈ ಇದ್ದಂತೆ. ಮಳೆಗಾಲದಲ್ಲಿ ಒಂದು ಸಿಡಿಲು ಸಾಕು, ಎರಡೂ ಒಟ್ಟಿಗೆ ಹೋಗುತ್ತವೆ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಊರಲ್ಲಿ ಅಥವಾ ಬೇರೆ ಮನೆಯಲ್ಲಿ.

ನಮ್ಮ ಕನ್ನಡದ ದಾನಚಿಂತಾಮಣಿ ಅತ್ತಿಮಬ್ಬೆ ಈ ಕೆಲಸವನ್ನು ಸಾವಿರ ವರ್ಷದ ಹಿಂದೆಯೇ ಮಾಡಿದ್ದಳು. ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಓಲೆಗರಿಯಲ್ಲಿ ಬರೆಸಿ ಹಂಚಿದಳು. ಶಾಂತಿಪುರಾಣ ಇವತ್ತಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನ ಬರೆದ ಭುವನೈಕರಾಮಾಭ್ಯುದಯ ಎಂಬ ಇನ್ನೊಂದು ಕಾವ್ಯ ಇಡಿಯಾಗಿ ಸಿಕ್ಕಿಲ್ಲ. ಒಬ್ಬನೇ ಕವಿ, ಒಂದೇ ಕಾಲ. ಹಾಗೆ ಪ್ರತಿ ಮಾಡಿಸಿದ ಕೈ ಎರಡನೆಯದಕ್ಕೆ ಸಿಗಲಿಲ್ಲವೋ ಏನೋ.

ಹಾಗೆಂದು ಪ್ರತಿ ಮಾಡಿ ಇಟ್ಟು ಮರೆತರೂ ಆಗದು. 'ಟಾಯ್ ಸ್ಟೋರಿ 2' ಸಿನಿಮಾ ನೋಡಿದ್ದೀರಾ ಮಕ್ಕಳೇ? 1998ರಲ್ಲಿ ಪಿಕ್ಸರ್ ಕಂಪನಿಯಲ್ಲಿ ಅದು ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಅಳಿಸುವ ಆಜ್ಞೆಯೊಂದು ತಪ್ಪು ಜಾಗದಲ್ಲಿ ಓಡಿ, ನೋಡನೋಡುತ್ತಿದ್ದಂತೆ ಪಾತ್ರಗಳು ಒಂದೊಂದಾಗಿ ಮಾಯವಾದವು. ಸಿನಿಮಾದ ಬಹುಪಾಲು ಹೋಯಿತು. ಪರವಾಗಿಲ್ಲ, ಬ್ಯಾಕಪ್ ಇದೆ ಎಂದುಕೊಂಡು ತೆರೆದರೆ ಅದು ಸುಮಾರು ದಿನಗಳಿಂದ ಸರಿಯಾಗಿ ಆಗುತ್ತಲೇ ಇರಲಿಲ್ಲ, ಯಾರೂ ತೆರೆದು ನೋಡಿರಲಿಲ್ಲ! ಉಳಿಸಿದವರು ಗ್ಯಾಲಿನ್ ಸುಸ್ಮನ್ ಎಂಬಾಕೆ. ಬಾಣಂತನದಲ್ಲಿ ಮನೆಯಿಂದಲೇ ಕೆಲಸ ಮಾಡಲೆಂದು ಸಿನಿಮಾದ ಪ್ರತಿಯೊಂದನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರಿಗೆ ಕಂಬಳಿ ಸುತ್ತಿ, ಮಗುವನ್ನು ಕರೆತರುವಂತೆ ಕಾರಿನಲ್ಲಿ ಕೂರಿಸಿಕೊಂಡು ತಂದರಂತೆ. ಸಿನಿಮಾ 1999ರಲ್ಲಿ ತೆರೆಗೆ ಬಂತು.

ನಮ್ಮ ಮನೆಯ ಗ್ಯಾಲಿನ್ ಸುಸ್ಮನ್ ಅಂದರೆ ಹಾಸನದಲ್ಲಿರುವ ಮಗಳು. ಅವಳ ಅತ್ತೆಮನೆಯಲ್ಲಿ ಒಂದು ಮದುವೆಗೆ ಹಾಡು ಬೇಕೆಂದು ಅವರಮ್ಮ ಬದುಕಿದ್ದಾಗ ಪೆನ್ ಡ್ರೈವಿನಲ್ಲಿ ಹಾಕಿಸಿ ಕಳಿಸಿದ್ದಳು. ಮದುವೆ ಮುಗಿದ ಮೇಲೆ ಆ ಪೆನ್ ಡ್ರೈವ್ ಅಡುಗೆಮನೆಯ ಮೇಲಿನ ಡಬ್ಬದಲ್ಲಿ, ಸೇಫ್ಟಿ ಪಿನ್ನು ಗುಂಡಿಗಳ ನಡುವೆ ಬಿದ್ದಿತ್ತು. ತೆರೆದರೆ 38 ಹಾಡು! ಮೊಮ್ಮಗ ಫೋನಿನಲ್ಲಿ ಅತ್ತೆಯ ಹತ್ತಿರ ಒಂದೊಂದಾಗಿ ಎಣಿಸಿದ. ಉಳಿದ ಮೂರು ಅವಳು ಪೆನ್ ಡ್ರೈವ್ ಕಳಿಸಿದ ಮೇಲೆ ಹಾಡಿದವು. ಕೆಮ್ಮು ಹೆಚ್ಚಾಗಿದ್ದ ದಿನಗಳು, ನಡುವೆ ನಿಲ್ಲಿಸಿ ನೀರು ಕುಡಿದು ಹಾಡಿದ್ದಳು. ಆ ಮೂರು ಹೋದವು.

ಈಗ ನಮ್ಮ ಏರ್ಪಾಡು ಹೀಗಿದೆ. ಕಂಪ್ಯೂಟರಿನಲ್ಲಿ ಒಂದು ಪ್ರತಿ. ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಬ್ಯಾಕ್ ಇನ್ ಟೈಮ್ ಮಾಡುವ ಪ್ರತಿ. ಭಾನುವಾರ ಬೆಳಿಗ್ಗೆ ಸಿಕ್ಕಿಸುತ್ತೇವೆ, ಮುಗಿದ ಕೂಡಲೇ ಬಿಚ್ಚಿ ಬೀರುವಿಗೆ. ಶಾಲೆಯ ಕೆಲಸ ಹೆಚ್ಚಿರುವ ದಿನಗಳಲ್ಲಿ ನಡುವೆ ಇನ್ನೊಮ್ಮೆ. ಮೂರನೆಯದು ಹಾಸನದಲ್ಲಿ. ಮಗಳ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರುವುದರಿಂದ ಇಎಕ್ಸ್‌ಟಿ4 ಡಿಸ್ಕ್ ಅವಳಿಗೆ ತೆರೆಯಲು ಬರುವುದಿಲ್ಲ. ಅವಳಿಗೆ 'ಎಕ್ಸ್‌ಫ್ಯಾಟ್' ಪೆನ್ ಡ್ರೈವಿನಲ್ಲಿ ಸುಮ್ಮನೆ ನಕಲು ಮಾಡಿ, ಹಬ್ಬಕ್ಕೆ ಬಂದಾಗಲೆಲ್ಲ ಹೊಸದು ಕೊಟ್ಟು ಹಳೆಯದನ್ನು ತೆಗೆದುಕೊಳ್ಳುತ್ತೇವೆ. ಗೂಗಲ್ ಡ್ರೈವ್ ಸಾಲದೇ ಎಂದು ಮಗ ಕೇಳಿದ. ಮನೆಯಿಂದ ಹೊರಗೆ ಯಾರೂ ಇಲ್ಲದವರಿಗೆ ಅದು ಒಳ್ಳೆಯ ಎರಡನೇ ಶಾಖೆ, 15 ಜಿಬಿ ಪುಕ್ಕಟೆಯೂ ಹೌದು. ಆದರೆ ಅಲ್ಲಿ ಅಳಿಸಿದ್ದು ಕಸದ ಬುಟ್ಟಿಯಲ್ಲಿ ಉಳಿಯುವುದು 30 ದಿನ. ನನಗೆ ಗೊತ್ತಾಗಲು ನಲವತ್ತು ಬೇಕಾಯಿತು.

ಮಾರ್ಚ್ 31 ಬ್ಯಾಂಕಿನವರಿಗೆ ವರ್ಷದ ಲೆಕ್ಕ ಮುಗಿಸುವ ದಿನ. ಅದೇ ದಿನವನ್ನು ಕಂಪ್ಯೂಟರಿನವರು ವಿಶ್ವ ಬ್ಯಾಕಪ್ ದಿನವೆಂದು ಆಚರಿಸುತ್ತಾರೆ. ಅವತ್ತು ನಮ್ಮಲ್ಲಿ ದೊಡ್ಡ ತಪಾಸಣೆ: ಬೇರೆ ಕಂಪ್ಯೂಟರಿಗೆ ಡಿಸ್ಕ್ ಸಿಕ್ಕಿಸಿ ಇಡೀ ಫೋಲ್ಡರನ್ನು ವಾಪಸು ತರುವುದು. ಸಣ್ಣ ತಪಾಸಣೆ ಪ್ರತಿ ಭಾನುವಾರ. ನಾನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದುಕೊಟ್ಟಿದ್ದೇನೆ, ತಾರೀಕು, ತೆರೆದ ಫೈಲ್, ಸರಿಯಿದೆಯೇ, ಸಹಿ. ಮೊಮ್ಮಗ ಬ್ಯಾಕಪ್ಪಿನಿಂದ ಒಂದು ಹಾಡನ್ನು ತೆರೆದು ಕೊನೆಯವರೆಗೂ ಕೇಳಿ ಸಹಿ ಹಾಕಬೇಕು. ಮೊದಲ ಅರ್ಧ ನಿಮಿಷ ಕೇಳಿ ಸಹಿ ಹಾಕಿದರೆ ಲೆಕ್ಕಕ್ಕಿಲ್ಲ. ಹೀಗೆ ಕೇಳಿ ಕೇಳಿ ಅವನಿಗೆ ನಾಲ್ಕು ಹಾಡು ಬಾಯಿಪಾಠವಾಗಿವೆ. ಫೋಲ್ಡರಿಗೂ ಹಾಡುಗಳಿಗೂ ಕನ್ನಡದಲ್ಲೇ ಹೆಸರು ಹಾಕಿದವನು ಅವನೇ.

ಕಳೆದುಹೋದ ಮೂರರಲ್ಲಿ ಎರಡು ಹಾಡು ಅವಳ ತಂಗಿಗೆ ಬರುತ್ತಿತ್ತು. ಹೋದ ತಿಂಗಳು ನಂಜನಗೂಡಿನಿಂದ ಬಂದು ಹಾಡಿ ಕೊಟ್ಟಿದ್ದಾಳೆ. ದನಿ ಬೇರೆ, ರಾಗ ಅದೇ. ಮೂರನೆಯದು ಬೀಗರ ಹಾಡು, ಬೀಗಿತ್ತಿಯ ಮೂಗುತಿಯನ್ನು ಗೇಲಿ ಮಾಡುವಂಥದ್ದು. ಅದು ನಮ್ಮ ಬಳಗದಲ್ಲಿ ಯಾರಿಗೂ ಪೂರ್ತಿ ನೆನಪಿಲ್ಲ. ಮೊಮ್ಮಗ ಅದಕ್ಕೂ ಒಂದು ಖಾಲಿ ಫೋಲ್ಡರ್ ಮಾಡಿ ಹೆಸರಿಟ್ಟಿದ್ದಾನೆ. ಭಾನುವಾರ ಬಂದರೆ ಅದೂ ಬ್ಯಾಕಪ್ಪಿಗೆ ಹೋಗುತ್ತದೆ.